ಎಂಜಿನ್ ಪಕ್ಷ, ಟರ್ಬೊ ಪಕ್ಷ

ಅಡಿಕೆಗೆ ರೇಟು ಬಂದ ವರ್ಷ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಸುತ್ತಿನಲ್ಲಿ ಹೆಂಚು ಇಳಿದು ಸ್ಲ್ಯಾಬ್ ಏರುತ್ತದೆ, ತೋಟದಲ್ಲಿ ಇನ್ನೊಂದು ಬೋರ್ ಇಳಿಯುತ್ತದೆ. ಇವೆರಡಕ್ಕೂ ಮನೆಯೊಳಗೇ ತೀರ್ಮಾನ. ಹೆಚ್ಚೆಂದರೆ ಸೊಸೈಟಿಯವರನ್ನೊಂದು ಮಾತು ಕೇಳುತ್ತಾರೆ. ಆದರೆ ಕೊಟ್ಟಿಗೆ ಪಕ್ಕ ತಾಡಪಾಲು ಹೊದ್ದು ಮಲಗಿದ ಅಪ್ಪನ ಕಾಲದ ಕಾರಿಗೆ ‘ಸ್ವಲ್ಪ ಪಿಕಪ್ ಕೊಡಿಸಬೇಕು’ ಎಂಬ ಆಸೆ ಹುಟ್ಟಿತೋ, ಅದು ಮನೆವಾರ್ತೆಯಾಗಿ ಉಳಿಯುವುದಿಲ್ಲ. ಚಾ ಅಂಗಡಿಯ ಬೆಂಚಿನ ಮೇಲೆ ಅಧಿವೇಶನ ಸೇರುತ್ತದೆ. ವಿಧಾನಸಭೆಗಿಂತ ಇಲ್ಲಿ ಹಾಜರಾತಿ ಚೆನ್ನಾಗಿರುತ್ತದೆ, ಯಾರೂ ಸಭಾತ್ಯಾಗ ಮಾಡುವುದಿಲ್ಲ.

ಈ ಸದನದಲ್ಲಿ ಎರಡೇ ಪಕ್ಷ. ಎಂಜಿನ್ ಪಕ್ಷದವರು ತಲೆ ನರೆತವರು. ಜೀಪಿಗೆ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಿದ್ದು, ಕೈ ಊದಿಸಿಕೊಂಡದ್ದು ಎಲ್ಲ ಅವರಿಗೆ ನೆನಪಿದೆ. ‘ಇದ್ನ ಬಿಚ್ಚಿ ಗುಜ್ರಿಗೆ ಹಾಕಿ ಗೌಡ್ರೇ, ಎಸ್ಟೀಮಿಂದು ಕೂರ್ಸಿ. ಮಾರುತಿ ಎಂಟ್ನೂರು ಹೋಗಿ ಹುಲಿ ಆಗ್ತೈತಿ’ ಎನ್ನುವುದು ಅವರ ಪ್ರಣಾಳಿಕೆ. ಟರ್ಬೊ ಪಕ್ಷದವರು ಮೀಸೆ ಮೂಡಿದವರು, ಬೆಂಗಳೂರಿನ ಕಂಪನಿಯಿಂದ ಹಬ್ಬಕ್ಕೆ ಬಂದವರು. ‘ಇಂಜಿನ್ ಯಾಕೆ ಬದಲಾಯಿಸ್ತೀರಿ ಮಾವ? ಸೈಲೆನ್ಸರಲ್ಲಿ ಸುಮ್ನೆ ಹೋಗೋ ಹೊಗೆ ಇದೆಯಲ್ಲ, ಅದರಿಂದಾನೇ ಪವರ್ರು. ಪುಕ್ಕಟೆ’ ಎನ್ನುತ್ತಾರೆ. ಪುಕ್ಕಟೆ ಅಂದ ಕೂಡಲೇ ಅತ್ತ ಎಂಜಿನ್ ಪಕ್ಷದ ಇಬ್ಬರು ಇತ್ತ ಜರುಗಿ ಕೂರುತ್ತಾರೆ. ಇವೆರಡೂ ಬೇಡ, ಹೊಸ ಕಾರು ತಗೊಳ್ಳಿ ಅಂದವನೂ ಒಬ್ಬನಿದ್ದ. ಅವನ ಚಾದ ದುಡ್ಡನ್ನು ಈಗ ಅವನೇ ಕೊಡಬೇಕು.

ಎಂಜಿನ್ ಪಕ್ಷಕ್ಕೆ ಇತಿಹಾಸದ ಬಲ ಜೋರಾಗಿದೆ. ಅದನ್ನು ಅಲ್ಲಗಳೆಯುವಂತಿಲ್ಲ. ಈ ದೇಶದ ಕಾರು ಕಂಪನಿಗಳು ದಶಕಗಟ್ಟಲೆ ಮಾಡಿದ್ದೇ ಅದು: ಮೈ ಅದೇ ಇಟ್ಟು ಹೊಟ್ಟೆ ಬದಲಿಸುವುದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡನ್ನು ತಂದು ಅಂಬಾಸಡರ್ ಎಂದು ನಾಮಕರಣ ಮಾಡಿದ ಹಿಂದೂಸ್ತಾನ್ ಮೋಟರ್ಸ್, ಅದರೊಳಗಿನ 1,489 ಸಿಸಿ ಎಂಜಿನ್ನನ್ನು ಸವೆಯುವವರೆಗೂ ಸವೆಸಿ, ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ತಂದು ಕೂರಿಸಿತು. ಅದಕ್ಕೂ ಮುಂಚಿನ ಕಥೆ ಕಾಂಟೆಸಾದ್ದು. 1984ರಲ್ಲಿ ಅದು ಬಂದಾಗ ಮೈಕಟ್ಟು ನೋಡಿ ಜನ ಬೆರಗಾದರು. ಸಿನಿಮಾದ ವಿಲನ್‌ಗಳಿಗೆ ಒಗ್ಗುವಂಥ ಕಾರು. ಬಾನೆಟ್ ತೆಗೆದರೆ ಒಳಗೆ ಅಂಬಾಸಡರಿನದೇ ಎಂಜಿನ್, ಸುಮಾರು ಐವತ್ತು ಅಶ್ವಶಕ್ತಿ. ವಿಲನ್ ತಪ್ಪಿಸಿಕೊಂಡು ಓಡಬೇಕಾದರೆ ಪೊಲೀಸರು ಸ್ವಲ್ಪ ನಿಧಾನಿಸಬೇಕಾಗುತ್ತಿತ್ತು. ಆಮೇಲೆ ಕಂಪನಿಯೇ 1.8 ಲೀಟರಿನ ಇಸುಜು ಎಂಜಿನ್ ಹಾಕಿ, ಎಂಬತ್ತರ ಮೇಲೆ ಅಶ್ವಶಕ್ತಿ ಕೊಟ್ಟು, ಕ್ಲಾಸಿಕ್ ಎಂದು ಹೆಸರು ಬರೆದು ಮಾರಿತು. ಪ್ರೀಮಿಯರ್ ಕಂಪನಿ ಇನ್ನೂ ಉದಾರಿ: ಇಟಲಿಯ ಫಿಯಟ್ 124ರ ಮೈಗೆ ಜಪಾನಿನ ನಿಸ್ಸಾನ್ ಎಂಜಿನ್ ಸೇರಿಸಿ 118 ಎನ್‌ಇ ಎಂದಿತು. ಅಂತರಜಾತಿ ವಿವಾಹಕ್ಕೆ ಮೂಗು ಮುರಿಯುವ ಮನೆಗಳ ಅಂಗಳದಲ್ಲೂ ಆ ಕಾರು ಗೌರವದಿಂದ ನಿಂತಿತು.

ಬುಲೆಟ್ಟಿನ ಪ್ರಸಂಗವನ್ನು ಎಂಜಿನ್ ಪಕ್ಷದವರು ಅಷ್ಟಾಗಿ ಎತ್ತುವುದಿಲ್ಲ. ಡೀಸೆಲ್ ಅಗ್ಗವಿದ್ದ ಕಾಲಕ್ಕೆ ಎನ್‌ಫೀಲ್ಡ್ ಕಂಪನಿಯೇ 325 ಸಿಸಿಯ ಡೀಸೆಲ್ ಎಂಜಿನ್ ಕೂರಿಸಿದ ಬುಲೆಟ್ ಮಾರುತ್ತಿತ್ತು. ಶಕ್ತಿ ಆರೂವರೆ ಕುದುರೆ. ಹಳ್ಳಿಯ ಸಾವ್ಕಾರರಿಗೆ ಅದರ ಮೈಲೇಜು ಕೇಳಿ ಕಣ್ಣಲ್ಲಿ ನೀರು ಬಂತು. ದಿಬ್ಬದಲ್ಲಿ ಹಿಂದೆ ಕೂತವರಿಗೆ ಬೇರೆ ಕಾರಣಕ್ಕೆ ಬಂತು. ಎಂಜಿನ್ ಬದಲಿಸಿದರೆ ಶಕ್ತಿ ಏರಲೇಬೇಕೆಂದಿಲ್ಲ ಎಂಬುದಕ್ಕೆ ಅದಕ್ಕಿಂತ ಜೋರಾಗಿ ಸದ್ದು ಮಾಡುವ ಸಾಕ್ಷಿ ಬೇರೆ ಸಿಗಲಿಕ್ಕಿಲ್ಲ.

ಮಲೆನಾಡಿನ ಜೀಪುಗಳದ್ದು ಮಾತ್ರ ಬೇರೆಯೇ ಪುರಾಣ. ವಿಲ್ಲೀಸ್ ಕಾಲದ ಪೆಟ್ರೋಲ್ ಎಂಜಿನ್ ಕುಡಿಯುವುದನ್ನು ತಾಳಲಾರದೆ ಜನ ಅದನ್ನು ಇಳಿಸಿ ಡೀಸೆಲ್ ಏರಿಸಿದರು. ಮಹೀಂದ್ರಾ ತಾನೂ ಫ್ರಾನ್ಸಿನ ಪ್ಯೂಜೊ ಡೀಸೆಲ್ ಹಾಕಿ ಜೀಪು ಮಾರಿತು. ಇನ್ನು ಟೆಂಪೊ ಟ್ರ್ಯಾಕ್ಸ್: ಅಡಿಕೆ ಕೊಯ್ಲಿಗೆ ಆಳುಗಳನ್ನು ಬಾಗಿಲ ಆಚೆಗೂ ತುಂಬಿಕೊಂಡು ಹೋಗುವ ಆ ಗಾಡಿಯ ಹೊಟ್ಟೆಯಲ್ಲಿ ಇದ್ದದ್ದು ಜರ್ಮನಿಯ ಮರ್ಸಿಡಿಸ್ ಬೆನ್ಸ್ ಮೂಲದ 2.4 ಲೀಟರ್ ಡೀಸೆಲ್. ಬೆನ್ಸಿನಲ್ಲಿ ಓಡಾಡಿದ ಕೂಲಿಯಾಳುಗಳು ಜಗತ್ತಿನಲ್ಲಿ ನಮ್ಮಲ್ಲಿ ಇದ್ದಷ್ಟು ಬೇರೆಲ್ಲಿ ಇದ್ದಾರು? ಅದೇ ಎಂಜಿನ್ ಗುಜರಿಯಲ್ಲಿ ಸಿಕ್ಕರೆ ಜೀಪಿಗೂ ಏರುತ್ತಿತ್ತು. ಜೀಪಿನ ಚಾಸಿ ಗಟ್ಟಿ, ಬಾನೆಟ್ಟಿನ ಕೆಳಗೆ ಎಮ್ಮೆ ಕರು ಹಿಡಿಸುವಷ್ಟು ಜಾಗ. ಲೇತ್‌ನವನು, ವೆಲ್ಡಿಂಗ್‌ನವನು ಸೇರಿದರೆ ಮೌಂಟಿಂಗ್ ಆಗುತ್ತಿತ್ತು. ಆ ಧೈರ್ಯವನ್ನೇ ಈಗ ಮಾರುತಿ 800ರ ಮೇಲೆ ಪ್ರಯೋಗಿಸಲು ಹೊರಟಿದ್ದಾರೆ, ಅಲ್ಲೇ ಎಡವಟ್ಟು.

ಯಾಕೆಂದರೆ 796 ಸಿಸಿಯ ಮೂರು ಸಿಲಿಂಡರ್ ಇಳಿಸಿ, ಅದೇ ಮಾರುತಿಯ ದೊಡ್ಡ ಕಾರು ಎಸ್ಟೀಮಿನ 1,298 ಸಿಸಿಯ ನಾಲ್ಕು ಸಿಲಿಂಡರ್ ಏರಿಸುವುದೆಂದರೆ ಬರೀ ಎಂಜಿನ್ ಏರಿಸುವುದಲ್ಲ. ಅದರ ಹಿಂದೆ ಅದರ ಗೇರ್ ಬಾಕ್ಸ್ ಬರುತ್ತದೆ, ಅದಕ್ಕೆ ತಕ್ಕ ಆಕ್ಸಲ್, ರೇಡಿಯೇಟರ್, ಸೈಲೆನ್ಸರ್, ವೈರಿಂಗ್ ಬರುತ್ತದೆ. ಮೂತಿ ಭಾರವಾಗಿ ಮುಂದಿನ ಸ್ಪ್ರಿಂಗ್ ಕೂರುತ್ತದೆ. ಮದುಮಗಳನ್ನು ತರುತ್ತೇವೆ ಅಂದುಕೊಂಡವರ ಮನೆಗೆ ಬೀಗರ ಇಡೀ ದಂಡು ಬಂದಿಳಿಯಿತು, ಇನ್ನು ಹೋಗುವುದಿಲ್ಲ. ರ್‍ಯಾಲಿ ಓಡಿಸುವವರು ಇದನ್ನು ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅವರ ಕಾರು ರೇಸು ಮುಗಿದ ಮೇಲೆ ಲಾರಿ ಹತ್ತಿ ಮನೆಗೆ ಹೋಗುತ್ತದೆ. ನಮ್ಮ ಗೌಡರ ಕಾರು ಮಾರನೆಯ ದಿನ ಆನವಟ್ಟಿಗೆ ಮದುವೆಗೆ ಹೋಗಬೇಕು, ಹಿಂದಿನ ಸೀಟಿನಲ್ಲಿ ಅಜ್ಜಿ, ಡಿಕ್ಕಿಯಲ್ಲಿ ಬಾಳೆಗೊನೆ.

ಟರ್ಬೊ ಪಕ್ಷದ ಶಾಸ್ತ್ರಗ್ರಂಥವೂ ಸಣ್ಣದಲ್ಲ. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದ ವಿದ್ಯೆ ಇದು. ಹೊರಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುವುದು. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಹಾಗೆ ಎಣ್ಣೆಯೂ ಹೆಚ್ಚು ಉರಿಯುತ್ತದೆ. ‘ಪುಕ್ಕಟೆ’ ಅಂದವರು ಈ ಕೊನೆಯ ಭಾಗ ಹೇಳಲು ಮರೆತಿರುತ್ತಾರೆ. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ, ಕೆಂಪಗೆ ಕಾಯುತ್ತದೆ, ಎಂಜಿನ್ ಆಯಿಲ್ಲಿನ ತೆಳು ಪದರದ ಮೇಲೆ ತೇಲುತ್ತದೆ. ಆಯಿಲ್ ಚೇಂಜ್ ಯಾವಾಗ ಮಾಡಿಸಿದ್ದು ಎಂದು ಕೇಳಿದರೆ ‘ಮೊನ್ನೆ, ತಂಗಿ ಮದ್ವೇಲಿ’ ಎನ್ನುವವರ ಕೈಗೆ ಇದನ್ನು ಕೊಡಬೇಕಂತೆ. ಆ ತಂಗಿಯ ಮಗಳು ಈಗ ಪಿಯುಸಿ.

ಇದು ನಮ್ಮೂರಿನ ದಡ್ಡತನ ಮಾತ್ರ ಎಂದೇನೂ ಸಂಕೋಚಪಡಬೇಕಿಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಒಳಗೆ ಒತ್ತಡ ಹೆಚ್ಚಾಗಿ ಎಂಜಿನ್ ಬಡಿದುಕೊಳ್ಳದಿರಲು ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ ತುಂಬಬೇಕಿತ್ತು. ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂದು ಅದರ ಹೆಸರು; ರಾಕೆಟ್ ಎಂಬ ಶಬ್ದ ಇದ್ದರೂ ಜನ ತುಂಬಿಸಲಿಲ್ಲ. ಕೊನೆಗೆ ಕಂಪನಿಯೇ ಅನೇಕರ ಕಾರಿನ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬೊರೇಟರ್ ಹಾಕಿಕೊಟ್ಟಿತು. ಚಂದ್ರನಿಗೆ ಮನುಷ್ಯನನ್ನು ಕಳಿಸಿದ ದೇಶಕ್ಕೆ ಕಾರಿಗೊಂದು ಡಬ್ಬಿ ದ್ರವ ತುಂಬಿಸುವುದು ನೆನಪಾಗಲಿಲ್ಲ.

ಟರ್ಬೊ ಪಕ್ಷದ ಬ್ರಹ್ಮಾಸ್ತ್ರವೆಂದರೆ ಸುಜುಕಿ. ನಮ್ಮ ಮಾರುತಿ 800ರ ಜಪಾನಿನ ದಾಯಾದಿ ಆಲ್ಟೊ ವರ್ಕ್ಸ್ 1987ರಲ್ಲೇ ಬರೀ 543 ಸಿಸಿಯಲ್ಲಿ, ಟರ್ಬೊ ಹಾಕಿ, 64 ಅಶ್ವಶಕ್ತಿ ತೆಗೆಯಿತು. ನಮ್ಮ 796 ಸಿಸಿಯದ್ದು ಹಳೇ ಕಾರ್ಬೊರೇಟರ್ ಮಾಡೆಲ್ಲಿನಲ್ಲಿ 37ರ ಆಸುಪಾಸು. ಈ ಲೆಕ್ಕ ಮೊಬೈಲಿನಲ್ಲಿ ತೋರಿಸಿದ ದಿನ ಎಂಜಿನ್ ಪಕ್ಷದವರು ಒಂದು ಗಳಿಗೆ ಮಾತಾಡಲಿಲ್ಲ. ಆದರೆ ಸುಜುಕಿಯವರು ಪಿಸ್ಟನ್ನಿನಿಂದ ಹಿಡಿದು ಹೆಡ್ಡಿನವರೆಗೆ ಟರ್ಬೊಗೆಂದೇ ಕಟ್ಟಿದರು. ಇಂಟರ್‌ಕೂಲರ್ ಇಟ್ಟರು, ಫ್ಯೂಯೆಲ್ ಇಂಜೆಕ್ಷನ್ ಇಟ್ಟರು. ಟಾಟಾದವರೂ ಹಾಗೇ. ಇಂಡಿಕಾದ 1.4 ಲೀಟರ್ ಡೀಸೆಲ್ಲಿಗೆ ಟರ್ಬೊ ಕೊಟ್ಟು 53ರ ಆಸುಪಾಸಿನಲ್ಲಿದ್ದ ಶಕ್ತಿಯನ್ನು 70ರ ಆಸುಪಾಸಿಗೆ ತಂದಾಗ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿ ತಂದರು. ಇಲ್ಲಿರುವುದು ರಿಂಗು ಸವೆದು, ಬೋರಿಗೆ ಬಂದು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸೊಳ್ಳೆ ಓಡಿಸುವಷ್ಟು ಹೊಗೆ ಬಿಡುವ ಎಂಜಿನ್. ಅದಕ್ಕೆ ಇನ್ನಷ್ಟು ಗಾಳಿ ತುರುಕಿದರೆ ಮೊದಲು ಹೆಡ್ ಗ್ಯಾಸ್ಕೆಟ್ ರಾಜೀನಾಮೆ ಕೊಡುತ್ತದೆ, ನಂತರ ಪಿಸ್ಟನ್.

ಸೊರಬ, ಶಿಕಾರಿಪುರದ ಜನಕ್ಕೆ ಬಲದ ವಿಚಾರ ಗೊತ್ತಿಲ್ಲದ್ದೇನಲ್ಲ. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಹಾರ, ಬಲೂನು ಕಟ್ಟಿ ಹೋರಿ ಬಿಡುವ ಸೀಮೆ ಇದು. ಹೋರಿಗೆ ತಿಂಗಳುಗಟ್ಟಲೆ ಹುರುಳಿ, ಹಿಂಡಿ ತಿನ್ನಿಸುತ್ತಾರೆ, ಕೆರೆಯಲ್ಲಿ ಈಜಾಡಿಸುತ್ತಾರೆ. ಹಬ್ಬದ ಹಿಂದಿನ ರಾತ್ರಿ ಏನೋ ಕುಡಿಸಿದರೆ ಮುದಿ ಎತ್ತು ಹೋರಿಯಾಗುತ್ತದೆ ಅಂದರೆ ಅಖಾಡದಿಂದ ಆಚೆ ಹಾಕುತ್ತಾರೆ. ಅದೇ ಮನುಷ್ಯ ಕಾರಿನ ವಿಷಯಕ್ಕೆ ಬಂದರೆ ಶನಿವಾರ ಗ್ಯಾರೇಜಿಗೆ ಬಿಟ್ಟು ಸೋಮವಾರ ಪಿಕಪ್ ಬರಬೇಕು ಎನ್ನುತ್ತಾನೆ. ಅಷ್ಟೇ ಅಲ್ಲ, ಮೈಲೇಜ್ ಕಡಿಮೆ ಆಗಬಾರದು.

ನನ್ನನ್ನು ಕೇಳಿದರೆ (ಯಾರೂ ಕೇಳಿಲ್ಲ) ಇದ್ದ ಎಂಜಿನ್ನನ್ನೇ ಬಿಚ್ಚಿ, ಬೋರ್ ಮಾಡಿಸಿ, ರಿಂಗು ಪಿಸ್ಟನ್ ಹೊಸದು ಹಾಕಿ, ಕಾರ್ಬೊರೇಟರ್ ತೊಳೆಸಿದರೆ ಅರ್ಧಕ್ಕರ್ಧ ಪಿಕಪ್ ಅಲ್ಲೇ ಸಿಗುತ್ತದೆ. ಕಳೆದುಹೋದದ್ದನ್ನು ಹುಡುಕಿಕೊಂಡಂತಾಯಿತು, ಅಷ್ಟೆ. ಅದಕ್ಕೂ ಮೀರಿ ಬೇಕೇ ಬೇಕೆಂದರೆ, ಹಳೇ ಕಾರ್ಬೊರೇಟರ್ ಎಂಜಿನ್ನಿಗೆ ಟರ್ಬೊ ಅಂಟಿಸುವುದಕ್ಕಿಂತ ಅದೇ ಕಂಪನಿಯ ದೊಡ್ಡಣ್ಣನನ್ನು ಕೂರಿಸುವುದು ಮೇಲು. ಕಾರ್ಖಾನೆಯವರು ಒಮ್ಮೆ ಯೋಚನೆ ಮಾಡಿದ್ದಾರೆ, ನಾವು ಮಾಡಬೇಕಿಲ್ಲ. ಆದರೆ ರಿಪೇರಿ ಎಂಬ ಈ ಮೂರನೆಯ ಪಕ್ಷಕ್ಕೆ ಇಲ್ಲಿ ಠೇವಣಿ ಸಿಗುವುದಿಲ್ಲ. ರಿಪೇರಿ ಮಾಡಿಸಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಬಾನೆಟ್ ತೆಗೆದರೆ ಮೊದಲಿದ್ದದ್ದೇ ಕಾಣುತ್ತದಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯವರು ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ಗಾಡಿ ಬೇರೆಯಾಗುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ಒಂದೊಂದು ಮಾರ್ಪಾಡಿಗೆ’ ಎಂಬುದನ್ನು ಗಮನಿಸಿ. ಎಂಜಿನ್ ಒಂದು, ಸೈಲೆನ್ಸರ್ ಒಂದು ಎಂದು ಇನ್‌ಸ್ಪೆಕ್ಟರ್ ಬಾನೆಟ್ಟಿನೊಳಗೆ ಬಗ್ಗಿ ಎಣಿಸತೊಡಗಿದರೆ ಅಡಿಕೆ ಚೀಲದ ಲೆಕ್ಕವಾಗುತ್ತದೆ. ಎಂಜಿನ್ ಪಕ್ಷದವರ ಸಂಕಟ ಇಲ್ಲಿ ದೊಡ್ಡದು. ಎಂಜಿನ್ನಿಗೆ ನಂಬರಿದೆ, ಗುಜರಿಯಲ್ಲಿ ಕೊಂಡದ್ದಕ್ಕೆ ಬಿಲ್ಲಿಲ್ಲ, ಆ ನಂಬರು ಯಾವ ಊರಿನ ಕಳವು ಕೇಸಿನಲ್ಲಿದೆಯೋ ದೇವರೇ ಬಲ್ಲ. ಟರ್ಬೊ ಪಕ್ಷದವರು ನಗುತ್ತಾರೆ: ‘ನಮ್ಮ ಎಂಜಿನ್ ನಂಬರ್ ಅದೇ, ಸಿಸಿ ಅದೇ. ಕಾಗದದಲ್ಲಿ ಟರ್ಬೊ ಕಾಣಲ್ಲ.’ ಕಾಗದದಲ್ಲಿ ಕಾಣದ್ದು ತಪ್ಪಲ್ಲ ಎಂಬ ಈ ನ್ಯಾಯಶಾಸ್ತ್ರವನ್ನು ಅವರು ಕಾಲೇಜಿನಲ್ಲಿ ಕಲಿತದ್ದಲ್ಲ, ಪಂಚಾಯ್ತಿ ಕಾಮಗಾರಿಗಳ ಬಿಲ್ಲು ನೋಡಿ ಕಲಿತದ್ದು. ವಿಮಾ ಕಂಪನಿಯವರಿಗೆ ಮಾತ್ರ ಆಕ್ಸಿಡೆಂಟ್ ಆದ ಮೇಲೆ ಕಾಣದ್ದೆಲ್ಲ ಕಾಣುತ್ತದೆ.

ಈ ಜಗಳ ಎಷ್ಟೆಂದರೂ ಈ ನೆಲಕ್ಕೆ ಹೊಸದಲ್ಲ. ಎಂಜಿನ್ ಬದಲಿಸುವ ವಿದ್ಯೆಯಲ್ಲಿ ಸೊರಬಕ್ಕೆ ಪಾಠ ಹೇಳುವವರು ಯಾರಿದ್ದಾರೆ? ಇದೇ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪನವರು ಶಿವಮೊಗ್ಗದಿಂದ ಲೋಕಸಭೆಗೆ ನಾಲ್ಕು ಸಲ ಗೆದ್ದರು: 1996ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ಚಾಸಿ ಒಂದೇ, ಎಂಜಿನ್ ನಾಲ್ಕು, ನಾಲ್ಕರಲ್ಲೂ ಗಾಡಿ ದೆಹಲಿ ಮುಟ್ಟಿತು. ಯಾವ ಆರ್.ಟಿ.ಒ. ಕೂಡ ತಡೆದು ನಿಲ್ಲಿಸಲಿಲ್ಲ. ಪಕ್ಕದ ಶಿಕಾರಿಪುರದ ಯಡಿಯೂರಪ್ಪನವರು ಒಮ್ಮೆ ಸ್ವಂತ ಎಂಜಿನ್ ಕಟ್ಟಿ ನೋಡಿದರು. 2012ರಲ್ಲಿ ಕೆಜೆಪಿ, 2013ರ ಚುನಾವಣೆಯ ಹೊತ್ತಿಗೆ ಜೋರು ಸದ್ದು, 2014ರಲ್ಲಿ ಹಳೇ ಎಂಜಿನ್ನೇ ವಾಪಸ್. ಆಮೇಲೆ ಬಂದ ಘೋಷಣೆ ಡಬಲ್ ಎಂಜಿನ್. ಒಂದು ಎಂಜಿನ್ನಿನ ಗಾಡಿಗೇ ಆಗದ ರಸ್ತೆಯಲ್ಲಿ ಎರಡು ಎಂಜಿನ್ ಯಾಕೆ ಎಂದು ಕೇಳುವಷ್ಟು ತಾಂತ್ರಿಕ ಜ್ಞಾನ ಆಗ ನಮಗಿರಲಿಲ್ಲ. ಸೊರಬದ ಮತದಾರರು ಮಾತ್ರ ಗ್ಯಾರೇಜಿನವರಿಗಿಂತ ಜಾಣರು. 2013ರಲ್ಲಿ ಬಂಗಾರಪ್ಪನವರ ಒಬ್ಬ ಮಗನನ್ನು ಗೆಲ್ಲಿಸಿ, 2018ರಲ್ಲಿ ಇನ್ನೊಬ್ಬರನ್ನು ಬೇರೆ ಪಕ್ಷದಿಂದ ಗೆಲ್ಲಿಸಿ, 2023ರಲ್ಲಿ ಮೊದಲಿನವರನ್ನೇ ಮೂರನೇ ಪಕ್ಷದಿಂದ ಗೆಲ್ಲಿಸಿದರು. ಕಂಪನಿಯೂ ಬದಲಾಗಬೇಕು, ಬಿಡಿಭಾಗವೂ ಮನೆಯದೇ ಆಗಬೇಕು!

ಕಾರಿನ ಲೋಕದಲ್ಲೂ ಸರ್ವಪಕ್ಷ ಸಮ್ಮತಿಯ ಎಂಜಿನ್ ಒಂದಿತ್ತು. ಫಿಯಟ್ಟಿನ 1.3 ಲೀಟರ್ ಟರ್ಬೊ ಡೀಸೆಲ್ ಮಾರುತಿ ಸ್ವಿಫ್ಟಿನಲ್ಲಿತ್ತು, ಟಾಟಾ ವಿಸ್ಟಾದಲ್ಲಿತ್ತು, ಫಿಯಟ್ ಪುಂಟೊದಲ್ಲಂತೂ ಇದ್ದೇ ಇತ್ತು. ಒಬ್ಬೊಬ್ಬರು ಒಂದೊಂದು ಹೆಸರಿಟ್ಟು, ತಮ್ಮದೇ ಎಂದು ಜಾಹೀರಾತು ಕೊಟ್ಟು ಮಾರಿದರು. ಜನ ಮೂರು ಕಂಪನಿಗಳ ಬಗ್ಗೆ ಜಗಳವಾಡಿದರು, ಒಳಗೆ ತಿರುಗುತ್ತಿದ್ದದ್ದು ಒಂದೇ. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದದ್ದೇ ಮಾರುತಿ ಡೀಸೆಲ್ಲಿಗೇ ಕೈ ಮುಗಿಯಿತು.

ಇಷ್ಟೆಲ್ಲ ಶಕ್ತಿ ತೆಗೆದುಕೊಂಡು ಓಡಿಸುವುದು ಎಲ್ಲಿ? ವೇಗ ಹೆಚ್ಚಿದಂತೆ ಗಾಳಿಯ ತಡೆ ಮೀರಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಅಶ್ವಶಕ್ತಿ ಎರಡರಷ್ಟಾದರೆ ಗರಿಷ್ಠ ವೇಗ ಏರುವುದು ನೂರಕ್ಕೆ ಇಪ್ಪತ್ತಾರರಷ್ಟು ಮಾತ್ರ. ಗಂಟೆಗೆ 120 ಹೋಗುತ್ತಿದ್ದದ್ದು 150 ಹೋಗಬಹುದು. ಸೊರಬದ ದಾರಿಯಲ್ಲಿ 120 ಮುಟ್ಟಿದವರನ್ನು ನಾನಂತೂ ಕಂಡಿಲ್ಲ. ಸುಗ್ಗಿ ಬಂದರೆ ಅರ್ಧ ರಸ್ತೆ ಮೆಕ್ಕೆಜೋಳದ್ದು, ಇನ್ನರ್ಧ ಭತ್ತದ್ದು. ಉಳಿದ ಜಾಗದಲ್ಲಿ ದನ. ಮನೆಗೊಂದು ಹಂಪ್ಸು. ತಮ್ಮ ಮನೆ ಮುಂದೆ ಗಾಡಿಗಳು ಜೋರಾಗಿ ಹೋಗುತ್ತವೆ ಎಂದು ಅರ್ಜಿ ಬರೆದು ಹಂಪ್ಸ್ ಹಾಕಿಸಿಕೊಂಡವರೇ ಈ ಅಧಿವೇಶನದ ಎರಡೂ ಪಕ್ಷಗಳ ಹಿರಿಯ ನಾಯಕರು.

ಹೀಗೆ ಅಧಿವೇಶನ ಮುಂದೂಡುತ್ತ ಮುಂದೂಡುತ್ತ ಮಳೆಗಾಲ ಬಂತು. ಗೌಡರು ಕಡೆಗೂ ಗಟ್ಟಿ ಮನಸ್ಸು ಮಾಡಿ ಕಾರನ್ನು ಗ್ಯಾರೇಜಿಗೆ ಒಯ್ದರು. ಒಯ್ದರು ಎಂದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದರು. ಎರಡೂ ಪಕ್ಷದ ಪ್ರತಿನಿಧಿಗಳು ಹಿಂದಿನ ಸೀಟಿನಲ್ಲಿದ್ದರು. ಮೇಸ್ತ್ರಿ ಬಾನೆಟ್ ತೆಗೆಯಲಿಲ್ಲ. ಒಳಗೆ ಕೂತು ಬ್ರೇಕ್ ಒತ್ತಿ ನೋಡಿದರು. ಪೆಡಲ್ ನೆಲ ಮುಟ್ಟಿತು. ಚಕ್ರ ಬಿಚ್ಚಿಸಿದರು. ಡ್ರಮ್ಮಿನೊಳಗೆ ಶೂ ಸವೆದು ಬರೀ ಕಬ್ಬಿಣ, ಸಿಲಿಂಡರಿನಿಂದ ಆಯಿಲ್ ಸೋರುತ್ತಿತ್ತು. ವೇಗ ಅರುವತ್ತರಿಂದ ತೊಂಬತ್ತಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವುದಕ್ಕೆ ಬೇಕಾದ ದೂರ ಎರಡರಷ್ಟಕ್ಕೂ ಮೀರುತ್ತದೆ. ಮೇಸ್ತ್ರಿ ಆ ಲೆಕ್ಕವನ್ನೆಲ್ಲ ಹೇಳಲಿಲ್ಲ. ಎಷ್ಟೋ ಗಾಡಿಗಳನ್ನು ಚರಂಡಿಯಿಂದ ಎತ್ತಿಸಿ ತಂದವರು ಅವರು.

‘ಗೌಡ್ರೇ, ಎಂಜಿನ್ನು, ಟರ್ಬೊ ಎಲ್ಲ ಆಮೇಲೆ. ಮೊದ್ಲು ನಾಲ್ಕೂ ಚಕ್ರಕ್ಕೆ ಬ್ರೇಕ್ ಮಾಡ್ಸಿ.’

ಅಷ್ಟು ದಿನ ಒಂದು ವಿಷಯಕ್ಕೂ ಒಮ್ಮತಕ್ಕೆ ಬಾರದಿದ್ದ ಎರಡೂ ಪಕ್ಷದವರು ಮುಖ ಮುಖ ನೋಡಿಕೊಂಡರು. ಗೌಡರು ಕವಳ ಉಗಿದು ಬಂದು, ದನಿ ತಗ್ಗಿಸಿ ಕೇಳಿದರು:

‘ಅಲ್ಲ ಮೇಸ್ತ್ರಿ, ಬ್ರೇಕ್ ಟೈಟ್ ಮಾಡಿದ್ರೆ ಪಿಕಪ್ ಕಡಿಮೆ ಆಗಲ್ವಾ?’